ಮಾನ್ವಿಯಿಂದ ಕೂಗಿದವರು

ನಿನ್ನೆಯೂ ಅನ್ನ ಹೆಚ್ಚಾಯಿತು. ಮೂರು ಜನಕ್ಕೆ ಸ್ಟೀಲಿನ ಲೋಟದಲ್ಲಿ ಎಷ್ಟು ಅಕ್ಕಿ ಅಳೆಯಬೇಕೆಂಬುದು ನನ್ನ ಕೈಗೆ ಇನ್ನೂ ಕೂತಿಲ್ಲ. ಎರಡು ವರ್ಷ ಹಿತ್ತಾಳೆಯ ಸೇರೊಂದಕ್ಕೆ ರೂಢಿಯಾದ ಕೈ ಇದು. ಆ ಸೇರು ಈಗ ನಮ್ಮ ಮನೆಯಲ್ಲಿಲ್ಲ. ಅದು ಹೇಗೆ ಬಂತು, ಯಾಕೆ ಹೋಯಿತು ಅಂತ ಹೇಳಬೇಕಾದರೆ ಮೊದಲು ನಿಮ್ಮನ್ನು ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಇಕ್ಕಟ್ಟಾದ ಮೆಟ್ಟಿಲು ಹತ್ತಿಸಬೇಕು. ನಿಧಾನಕ್ಕೆ ಬನ್ನಿ, ನಾಲ್ಕನೇ ಮೆಟ್ಟಿಲು ಅಲುಗಾಡುತ್ತದೆ.

ಮೇಲೆ ಖಾಜಾಭಾಯಿಯ ಮೊಬೈಲ್ ರಿಪೇರಿ ಅಂಗಡಿ. ರಿಪೇರಿ ಅವರ ಹೊಟ್ಟೆಯ ಕೆಲಸ. ಮನಸ್ಸಿನ ಕೆಲಸ ಬೇರೆ ಇತ್ತು: ಅವರೊಂದು ಆನ್‌ಲೈನ್ ಹರಾಜಿನ ಸೈಟು ನಡೆಸುತ್ತಿದ್ದರು. ಹರಾಜಿಗೆ ನಮ್ಮ ಕಡೆ ಸವಾಲು ಅನ್ನುತ್ತಾರೆ, ಬೆಲೆ ಏರಿಸುವುದಕ್ಕೆ ಕೂಗುವುದು ಅನ್ನುತ್ತಾರೆ. ರಾಯಚೂರು, ಮಾನ್ವಿ, ದೇವದುರ್ಗದ ಮನೆಗಳ ಹಳೆ ಸಾಮಾನು ಅಲ್ಲಿಗೆ ಬರುತ್ತಿದ್ದವು. ವಾಲ್ವ್ ರೇಡಿಯೊ, ನಿಜಾಮರ ಕಾಲದ ದುಡ್ಡು, ಒಂದು ಕಾಲಿಲ್ಲದ ಆರಾಮಕುರ್ಚಿ, ಒಮ್ಮೆ ಟಾಂಗಾದ ಗಾಲಿ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವುಗಳ ಫೋಟೋ ನೋಡುತ್ತ ಕೂರುವುದು ನನ್ನ ಚಟವಾಗಿತ್ತು. ಕೊಳ್ಳುವುದಕ್ಕಿಂತ ನೋಡುವುದೇ ಹೆಚ್ಚು. ಯಾವ ದೀಪದ ಕಂಠಕ್ಕೆ ಬೆಸುಗೆ ಬಿದ್ದಿದೆ, ಯಾವ ಡಬ್ಬಿಯ ಮುಚ್ಚಳ ಅದರದಲ್ಲ ಅಂತ ಹುಡುಕುವುದು.

ಕೂಗಿದವರ ಹೆಸರು ಅಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಒಂದು ನಂಬರು, ಒಂದು ಊರು, ಅಷ್ಟೇ. ನಾನು ‘ನಲವತ್ತೊಂದು, ಮಾನ್ವಿ’. ಹೆಸರು ನೋಂದಾಯಿಸಿದಾಗ ನಾವು ಮಾನ್ವಿಯಲ್ಲಿ ಅತ್ತೆಯವರ ಜೊತೆ ಇದ್ದೆವು. ರಾಯಚೂರಿಗೆ ಬಂದ ಮೇಲೆ ಅದನ್ನು ತಿದ್ದಲು ಹೋಗಲಿಲ್ಲ.

ಸೈಟಿನಲ್ಲಿ ನಿಯಮಗಳ ಒಂದು ಪುಟವಿತ್ತು, ಪೂರ್ತಿ ಇಂಗ್ಲಿಷಿನಲ್ಲಿ. ಅದನ್ನು ಕೊನೆಯವರೆಗೆ ಓದಿದವಳು ನಾನೊಬ್ಬಳೇ ಇರಬೇಕು. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್, ಪ್ರಶ್ನೆಪತ್ರಿಕೆ ಕೊಟ್ಟ ಕೂಡಲೇ ಪೆನ್ನು ಮುಟ್ಟಬೇಡಿ, ಮೇಲಿನ ಸೂಚನೆ ಎರಡು ಸಲ ಓದಿ ಅನ್ನುತ್ತಿದ್ದರು. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ. ಔಷಧಿ ಡಬ್ಬಿಯ ಚೀಟಿಯನ್ನೂ ಓದುತ್ತೇನೆ. ಹಾಗೆ ಓದಿದ್ದರಿಂದ ನನಗೊಂದು ಗುಟ್ಟು ಸಿಕ್ಕಿತು. ಎಲ್ಲರ ಹಾಗೆ ಫೋನು ಹಿಡಿದು ಕಾಯುವುದು ಬೇಡ. ‘ಇಲ್ಲಿಯವರೆಗೆ ನಾನು ಸಿದ್ಧ’ ಅಂತ ಒಂದು ಖಾನೆಯಲ್ಲಿ ಮೊತ್ತ ಬರೆದಿಟ್ಟರೆ ಸಾಕು, ಬೇರೆಯವರು ಕೂಗಿದಾಗಲೆಲ್ಲ ಸಾಫ್ಟ್‌ವೇರೇ ನಮ್ಮ ಪರವಾಗಿ ಹತ್ತು ರೂಪಾಯಿ ಏರಿಸಿ ಕೂಗುತ್ತದೆ. ಇದನ್ನು ಕಂಡುಕೊಂಡೆನೆಂದು ನನಗೆ ಸ್ವಲ್ಪ ಜಂಬವೂ ಬಂದಿತ್ತು. ನಮ್ಮ ಮನೆಯವರಿಗೆ ಎರಡು ಸಲ ವಿವರಿಸಿ ಹೇಳಿದ್ದೆ.

ಸೇರು ಬಂದದ್ದು ಹಾಗೆಯೇ. ಅಂಚಿನ ಮೇಲೆ ಸಣ್ಣದೊಂದು ಸರಕಾರಿ ಮುದ್ರೆ, ಪಕ್ಕದಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು. ಬಿದ್ದು ಆದ ತಗ್ಗಲ್ಲ ಅದು, ಹಿಡಿದು ಹಿಡಿದು ಸವೆದದ್ದು. ಆ ತಗ್ಗಿಗೇ ನಾನು ಮನಸೋತೆ. ಬೆಳಿಗ್ಗೆ ಮೊತ್ತ ಬರೆದಿಟ್ಟು, ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದೆ. ಸಂಜೆ ನೋಡಿದರೆ ಸೇರು ನನ್ನದಾಗಿತ್ತು.

ಆಮೇಲೆ ಸೈಟು ನಿಧಾನಕ್ಕೆ ಸೊರಗಿತು. ಖಾಜಾಭಾಯಿ ಎಲ್ಲಿಂದಲೋ ಸಿದ್ಧ ಸಾಫ್ಟ್‌ವೇರು ಕೊಂಡು ತಂದಿದ್ದರು. ಅದನ್ನು ಮಾಡಿದವರೇ ಕಂಪನಿ ಮುಚ್ಚಿ ಹೋದರು. ಹೊಸ ಫೋನುಗಳಲ್ಲಿ ಪುಟ ಅರ್ಧಕ್ಕೆ ಕತ್ತರಿಸಿ ಕಾಣತೊಡಗಿತು. ಫೋಟೋದ ಜಾಗದಲ್ಲಿ ಖಾಲಿ ಚೌಕ. ಒಂದು ದಿನ ದುಡ್ಡು ಕಟ್ಟುವ ಗುಂಡಿಯೂ ಸತ್ತಿತು. ಜನ ವಾಟ್ಸಾಪ್ ಗುಂಪುಗಳಿಗೆ ಹೋದರು. ಅಲ್ಲಿ ಸವಾಲಿಲ್ಲ, ಯಾರು ಮೊದಲು ‘ನನಗ’ ಅಂತ ಒತ್ತುತ್ತಾರೋ ಅವರಿಗೆ. ಕಡೆಕಡೆಗೆ ಸೈಟಿನಲ್ಲಿ ಖಾಜಾಭಾಯಿಯವರದೇ ಸಾಮಾನು, ಕೂಗುವವರು ಯಾರೂ ಇಲ್ಲ. ಈ ಬೇಸಿಗೆಯಲ್ಲಿ ಎಲ್ಲರಿಗೂ ಮೆಸೇಜು ಬಂತು: ಎಂಟು ದಿನದಲ್ಲಿ ಎಲ್ಲ ಅಳಿಸಿಹೋಗುತ್ತದೆ, ನಿಮ್ಮ ನಿಮ್ಮ ದಾಖಲೆ ಬೇಕಿದ್ದರೆ ಅಂಗಡಿಗೆ ಬಂದು ತೆಗೆದುಕೊಳ್ಳಿ.

ನನಗೆ ಬೇಕಾದದ್ದೇನೂ ಇರಲಿಲ್ಲ. ಸಾವಿನ ಮನೆಗೆ ಹೋಗಿಬರುವ ಹಾಗೆ ಹೋದೆ. ಖಾಜಾಭಾಯಿ ಚಹಾ ತರಿಸಿ, ತಮ್ಮ ಹಳೆ ಕಂಪ್ಯೂಟರಿನಲ್ಲಿ ನಾನು ಕೊಂಡ ನಾಲ್ಕೈದು ಸಾಮಾನಿನ ಪುಟ ತೆರೆದರು. ಸೇರಿನ ಪುಟದಲ್ಲಿ ಯಾರು ಯಾವಾಗ ಕೂಗಿದರು ಎಂಬ ಪಟ್ಟಿ ಇತ್ತು. ಅದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ.

‘ನೂರಾ ಹದಿನೆಂಟು, ದೇವದುರ್ಗ’. ಅದರ ಕೆಳಗೆ, ಅದೇ ನಿಮಿಷಕ್ಕೆ, ‘ನಲವತ್ತೊಂದು, ಮಾನ್ವಿ’. ಮತ್ತೆ ದೇವದುರ್ಗ, ಮತ್ತೆ ಮಾನ್ವಿ. ಹತ್ತೊಂಬತ್ತು ಸಲ. ಆ ಕಡೆಯವರು ಪ್ರತಿ ಸಲವೂ ಹತ್ತೇ ರೂಪಾಯಿ ಏರಿಸಿದ್ದರು. ಮಧ್ಯಾಹ್ನ ಎರಡು ತಾಸು ಏನೂ ಇಲ್ಲ. ಆಮೇಲೆ ಒಂದು ಕೂಗು, ಬಹಳ ಹೊತ್ತು ಬಿಟ್ಟು ಇನ್ನೊಂದು. ಅಷ್ಟಕ್ಕೆ ನಿಂತಿತ್ತು.

ಇವರು ಯಾರೆಂದು ಕೇಳಿದೆ. ಖಾಜಾಭಾಯಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಶಾಂತವ್ವ ಅಂತ, ದೇವದುರ್ಗದಲ್ಲಿ ಹೊಲಿಗೆ ಮಾಡುವಾಕೆ. ಸೇರು ಆಕೆಯ ತೀರಿಹೋದ ತಾಯಿಯದು. ಸವಾಲಾದ ವಾರಕ್ಕೆ ಬಸ್ಸು ಹತ್ತಿ ಇದೇ ಅಂಗಡಿಗೆ ಬಂದು ಒಂದೇ ಮಾತು ಕೇಳಿದ್ದಳಂತೆ: ಮಾನ್ವಿಯ ನಲವತ್ತೊಂದು ನಂಬರು ನಮ್ಮ ವೈನಿ ಹೌದೋ ಅಲ್ಲೋ. ವೈನಿ ಅಂದರೆ ಅಣ್ಣನ ಹೆಂಡತಿ.

“ಹೆಸರು ಹೇಳಂಗಿಲ್ಲ, ನೇಮ ಅದ ಅಂದೆ ಮೇಡಂ. ತಿಳೀತು ಬಿಡ್ರಿ ಅಂತಂದು ಇಳದು ಹೋದ್ಳು. ಹೇಳಂಗಿಲ್ಲ ಅಂದದ್ದನ್ನ ಹೌದು ಅಂತನೇ ತಿಳಕೊಂಡ್ಳು. ಅವತ್ತಿನಿಂದ ಎದಿಯಾಗ ಚುಚ್ಚಾಕತ್ತದ ನನಗ.” ಪ್ರಿಂಟರಿನ ಸ್ವಿಚ್ಚು ಒತ್ತುತ್ತ ಅಂದರು, “ಸವಾಲಿನ ದುಕಾನೇ ಬಂದ್ ಆಗಾಕತ್ತದ. ಇನ್ನ ನೇಮ ಯಾರಿಗಿ?”

ಆ ಪುಟವನ್ನು ಅವರೇ ಪ್ರಿಂಟು ಹಾಕಿ, ಕೆಳಗೆ ನನ್ನ ಹೆಸರು ಬರೆದು ಸಹಿ ಮಾಡಿ ಕೊಟ್ಟರು. ಮರುದಿನ ಸೇರನ್ನು ಚೀಲದಲ್ಲಿಟ್ಟುಕೊಂಡು ನಾನು ದೇವದುರ್ಗದ ಬಸ್ಸು ಹತ್ತಿದೆ.

ಶಾಂತವ್ವ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಿರಬಹುದು. ರವಿಕೆಯ ತೋಳಿಗೆ ಸಾಲಾಗಿ ಗುಂಡುಪಿನ್ನು ಚುಚ್ಚಿಕೊಂಡಿದ್ದಳು. ಅಳತೆ ಕೊಡಲು ಬಂದವಳೆಂದು ತಿಳಿದು, “ಬರ್ರಿ, ಲಗ್ನದ ಅರಿವಿ ಆದ್ರ ತಿಂಗಳು ತಡ ಆಗ್ತದ ನೋಡ್ರಿ, ಆಮ್ಯಾಲ ನನ್ನ ಬೈಬ್ಯಾಡ್ರಿ” ಅಂದಳು. ನಾನು ಸೇರು ತೆಗೆದು ಮಷೀನಿನ ಹಲಗೆಯ ಮೇಲಿಟ್ಟೆ. ಆಕೆ ಅದನ್ನು ಮುಟ್ಟಲಿಲ್ಲ. ಕಾಲು ಮಾತ್ರ ಪೆಡಲಿನ ಮೇಲಿಂದ ಕೆಳಗಿಳಿಯಿತು.

ತಾಯಿ ಪೋತ್ನಾಳದಲ್ಲಿ ಈ ಸೇರಿನಿಂದಲೇ ಮಂಡಾಳ, ಅಂದರೆ ಮಂಡಕ್ಕಿ, ಅಳೆದು ಮಾರಿ ಇಬ್ಬರು ಮಕ್ಕಳನ್ನು ಬೆಳೆಸಿದ್ದಳಂತೆ. ಆಕೆ ಹೋದ ಮೇಲೆ ಮಾನ್ವಿಯ ಅಣ್ಣನ ಮನೆಯಲ್ಲಿ ಹಳೆ ಪಾತ್ರೆಗಳನ್ನೆಲ್ಲ ಒಟ್ಟಿಗೆ ಗುಜರಿ ಅಂಗಡಿಗೆ ಹಾಕಿದಾಗ ಇದೂ ಹೋಯಿತು.

“ಫೋನಿನ್ಯಾಗ ಕಂಡ ಕೂಡ್ಲೇ ವೈನಿಗೆ ಹೇಳಿದೆ, ಅವ್ವನ ಸೇರು ಸವಾಲಿಗೆ ಬಂದದ, ನಾ ಕೂಗಾಕತ್ತೀನಿ ಅಂತ. ಮನಿ ಮಗಳು ಕೂಗಿದ ಮ್ಯಾಲ ಊರಾಗಿನ ಸವಾಲಿನ್ಯಾಗ ಯಾರೂ ಬಾಯಿ ತೆಗೆಯಂಗಿಲ್ರಿ. ಇಲ್ಲಿ ನಾ ಕೂಗೂದ ತಡ, ಉತ್ತರ. ನನಗ ಉಸುರು ಬಿಡಾಕ ಪುರಸತ್ತಿಲ್ಲ. ಅದೂ ಮಾನ್ವಿಯಿಂದ. ಅಷ್ಟು ಹಗಿ ಹಿಡದು ಕೂತಾಕಿ ಬ್ಯಾರೆ ಯಾರಿರ್ತಾಳ್ರಿ?”

“ಅದು ನಾನ್ರೀ,” ಅಂದೆ. ಹಾಳೆ ಬಿಚ್ಚಿ ತೋರಿಸಿದೆ. ನಾನು ಅಲ್ಲಿ ಕೂತೇ ಇರಲಿಲ್ಲವೆಂದೂ, ಬೆಳಿಗ್ಗೆ ಮೊತ್ತ ಬರೆದು ಹಪ್ಪಳಕ್ಕೆ ಹೋಗಿದ್ದೆನೆಂದೂ ಹೇಳಿದೆ.

“ನೀವು ಇರಲಿಲ್ಲಂದ್ರ ಕೂಗಿದವರು ಯಾರು?”

“ಮಷೀನು.”

ಆಕೆ ನನ್ನ ಮುಖವನ್ನೇ ನೋಡಿದಳು. ಚೇಷ್ಟೆ ಮಾಡುತ್ತಿದ್ದೇನೋ ಅಂತ ನೋಡಿದ್ದಿರಬೇಕು.

“ಮಷೀನಿಗ್ಯಾಕ್ರೀ ನಮ್ಮವ್ವನ ಸೇರು?”

ಕೊನೆಯವರೆಗೆ ಓದಿದ ಆ ನಿಯಮದ ಪುಟದಲ್ಲಿ ಇದು ಇರಲಿಲ್ಲ.

ಶಾಂತವ್ವ ಸೇರನ್ನೆತ್ತಿದಳು. ಹೆಬ್ಬೆರಳು ತಗ್ಗಿನಲ್ಲಿ ಕೂತಿತು. ಎರಡು ವರ್ಷ ನಾನೂ ಹಾಗೆಯೇ ಹಿಡಿದಿದ್ದೆ, ಆದರೆ ನನ್ನ ಬೆರಳಿಗೆ ಅದು ಚೂರು ದೊಡ್ಡದಾಗುತ್ತಿತ್ತು.

“ಅಣ್ಣನ ಮಗಳ ಲಗ್ನಕ್ಕ ಹೋಗ್ಲಿಲ್ರಿ ನಾ,” ಅಂದಳು. “ಆ ಕೂಸಿಗೆ ತಲಿ ಬಾಚಿ ದೊಡ್ಡಾಕಿನ್ನ ಮಾಡಿದಾಕಿ ನಾನ. ವೈನಿ ಅಕ್ಷತಿ ಹಿಡಕೊಂಡು ಇಲ್ಲಿತನಕ ಕರಿಯಾಕ ಬಂದ್ಲು. ಒಳಗಿದ್ದೆ. ಬಾಗಲಾ ತೆಗೀಲಿಲ್ಲ.”

ಸೇರಿಗೆ ನಾನು ಕೊಟ್ಟಷ್ಟು ದುಡ್ಡು ಕೊಡುತ್ತೇನೆಂದು ಹಟ ಹಿಡಿದಳು. ಬೇಡವೆಂದು ಕೈ ಮುಗಿದೆ. ಕೊನೆಗೆ ಸೀರೆ ಬದಲಿಸಿ ಬಂದಳು. ಮಾನ್ವಿಯ ಬಸ್ಸಿಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ದಾರಿಯುದ್ದಕ್ಕೂ ಹಾಳೆಯನ್ನು ಮಡಚುತ್ತ ಬಿಚ್ಚುತ್ತ ಇದ್ದಳು. ಈ ಸಹಿ ನಂಬುತ್ತಾರಾ ಅಂತ ಒಮ್ಮೆ ಮಾತ್ರ ಕೇಳಿದಳು.

ಓಣಿಯ ತುದಿಯಲ್ಲಿ ನಾನು ನಿಂತೆ. ಆಕೆಯೇ ನಿಲ್ಲಲು ಹೇಳಿದಳು. ಹಸಿರು ಬಣ್ಣದ ಬಾಗಿಲ ಮುಂದೆ ಹೋಗಿ, “ವೈನೀ” ಅಂತ ಕೂಗಿದಳು. ಉತ್ತರ ಬರಲಿಲ್ಲ. ಒಳಗೆ ಪಾತ್ರೆ ತೊಳೆಯುವ ಸಪ್ಪಳ ಇತ್ತು, ಅದು ನಿಂತಿತು. ಇನ್ನೊಮ್ಮೆ ಕೂಗಿದಳು, ಮೊದಲಿಗಿಂತ ಸಣ್ಣ ದನಿಯಲ್ಲಿ. ಎಷ್ಟೋ ಹೊತ್ತಿಗೆ ಚಿಲಕ ಸರಿಯಿತು. ಒದ್ದೆ ಕೈಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಶಾಂತವ್ವ ಮುಂದೆ ಚಾಚಿದ್ದು ಸೇರನ್ನಲ್ಲ, ಹಾಳೆಯನ್ನು. ವೈನಿ ಕೈ ಒರೆಸಿಕೊಂಡು ಅದನ್ನು ಈಚೆ ಆಚೆ ತಿರುಗಿಸಿ ನೋಡಿದಳು. ಶಾಂತವ್ವ ಏನೋ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ವೈನಿ ಹಾಳೆ ಹಿಡಿದುಕೊಂಡೇ ಒಳಗೆ ಹೋದಳು. ಶಾಂತವ್ವ ಸೇರು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲ ಹೊರಗೆ ನಿಂತೇ ಇದ್ದಳು.

ಮುಂದೆ ನೋಡಲಿಲ್ಲ. ಇನ್ನೂ ನೋಡುತ್ತ ನಿಂತರೆ ಅವರಿಬ್ಬರ ನಡುವೆ ಮತ್ತೊಮ್ಮೆ ಬಾಯಿ ಹಾಕಿದಂತಾಗುತ್ತದೆ ಅನ್ನಿಸಿತು. ಬಸ್‌ಸ್ಟ್ಯಾಂಡಿಗೆ ನಡೆದೆ.

ಸೈಟು ಈಗ ತೆರೆಯುವುದಿಲ್ಲ. ವಿಳಾಸ ಒತ್ತಿದರೆ ಬಿಳಿ ಪರದೆ. ಶಾಂತವ್ವನ ನಂಬರು ನನ್ನ ಹತ್ತಿರ ಇದೆ, ಆದರೆ ಫೋನು ಮಾಡಿಲ್ಲ. ಅವಳು ಮಾಡಿದಾಗ ಮಾಡಲಿ. ನಮ್ಮ ಮನೆಯವರು ಊಟಕ್ಕೆ ಕೂತಾಗ ಆಗೀಗ ಕೇಳುತ್ತಾರೆ, ಕಡೆಗೆ ಏನಾಯ್ತಂತೆ ಆ ಅಕ್ಕನದು ಅಂತ. ನನಗೆ ಗೊತ್ತಿರುವುದಷ್ಟನ್ನೇ ಹೇಳುತ್ತೇನೆ: ವೈನಿ ಒಳಗೆ ಹೋಗುವಾಗ ಬಾಗಿಲು ಹಾಕಿಕೊಳ್ಳಲಿಲ್ಲ.