ಐಸಕ್ಕನ ಕೊಳವೆ

ಬೆಳಕು ಹರಿಯುವ ಮುನ್ನ ನೀರು ತುಂಬಿಸಿ, ಹಾಲು ಕಾಯಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಗಂಡನ ಕಾಣೆಯಾದ ಕಾಲುಚೀಲ ಅವನ ಕಾಲಲ್ಲೇ ಇರುವುದನ್ನು ಪತ್ತೆಹಚ್ಚಿ ಐಸಕ್ಕ ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೆ ಓಡುತ್ತಾಳೆ. ಹಾರ್ಮೋನು ಪರೀಕ್ಷೆಗೆ ಯಾರು ರಕ್ತ ತುಂಬಿದ ಕೊಳವೆ ತಂದರೂ ಅವಳದು ಒಂದೇ ಪ್ರಶ್ನೆ: “ಐಸಲ್ಲಿಟ್ಟಿದ್ರಾ?” ಹೆಸರು ಬಿದ್ದದ್ದೇ ಹಾಗೆ. ಜೇಬಿನಲ್ಲಿ ತಂದವನಿಗೆ, “ಇದೇನು ಕಡಲೆಬೀಜವೇನಪ್ಪಾ? ಇದರೊಳಗಿನ ಹಾರ್ಮೋನು ಸೆಕೆ ತಡೀದೆ ಹೊರಟೇಹೋಗಿರುತ್ತೆ. ಹೊಸದಾಗಿ ತಗೊಂಬಾ” ಎಂದು ಅಟ್ಟುತ್ತಾಳೆ. ಮನೆಯಲ್ಲೂ ಅದೇ ಕಾನೂನು. ಫ್ರಿಜ್ ತೆರೆದು ಯೋಚಿಸುತ್ತ ನಿಂತ ಗಂಡನನ್ನು, “ಒಳಗೆ ಹೋಗಿ, ಇಲ್ಲಾ ಬಾಗಿಲು ಹಾಕಿ” ಎಂದು ಗದರುತ್ತಾಳೆ. ರಾತ್ರಿಯ ಜಗಳಕ್ಕೆ ಅವನು ಬೆಳಿಗ್ಗೆ ತಪ್ಪಾಯಿತೆಂದರೆ, “ರಾತ್ರಿಯೆಲ್ಲಾ ಹೊರಗಿಟ್ಟಿದ್ದು, ಕೆಟ್ಟಿದೆ, ತಗೊಳಲ್ಲ” ಎನ್ನುತ್ತಾಳೆ. ಇಂಥವಳಿಗೆ ತಿಂಗಳುಗಳಿಂದ ಎದ್ದು ನಿಂತರೆ ಕಣ್ಣು ಕತ್ತಲೆ. ಡಾಕ್ಟರು ಬರೆದುಕೊಟ್ಟ ಹಾರ್ಮೋನು ಪರೀಕ್ಷೆ ಮನೆಗೆಲಸದ ಹಿಂದೆ ನಿಂತು ನಿಂತು ಸೋತಿತ್ತು. ಇಂದು ಹೇಗೋ ಬಿಡುವು ಮಾಡಿಕೊಂಡು ತನ್ನ ರಕ್ತ ತಾನೇ ತೆಗೆದುಕೊಂಡಳು. ಆಗಲೇ ಫೋನು: “ಸಕ್ಕರೆ ಡಬ್ಬಿ ಎಲ್ಲೇ?” ಗಂಡನಿಗೆ ಅಡುಗೆಮನೆಯ ಭೂಗೋಳವನ್ನೆಲ್ಲ ವಿವರಿಸಿ ತಿರುಗಿದರೆ ಕೊಳವೆ ಮೇಜಿನ ಮೇಲೆ ಬಿಸಿಲು ಕಾಯುತ್ತ ಮಲಗಿತ್ತು. ಲ್ಯಾಬಿನವರೆಲ್ಲ ಕಾಫಿಗೆ ಹೋಗಿದ್ದರು. ಹಾಗೇ ಯಂತ್ರಕ್ಕೆ ಹಾಕಿದ್ದರೆ ಕೇಳುವವರಿರಲಿಲ್ಲ. “ಐಸಲ್ಲಿಟ್ಟಿದ್ಯಾ?” ಎಂದು ತನ್ನನ್ನೇ ಕೇಳಿಕೊಂಡಳು. ಕೊಳವೆಯನ್ನು ಕಸಕ್ಕೆ ಹಾಕಿದಳು. ಫೋನು ಮತ್ತೆ ಬಡಿದುಕೊಂಡಿತು. ಡಬ್ಬಿ ಸಿಕ್ಕಿರಬೇಕು, ಈಗ ಚಮಚದ ಸರದಿ. ಐಸಕ್ಕ ಫೋನನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿ, ಐಸ್ ಪೆಟ್ಟಿಗೆ ಹತ್ತಿರಕ್ಕೆಳೆದುಕೊಂಡು, ರೋಗಿಗಳ ಕುರ್ಚಿಯಲ್ಲಿ ಕೂತು ಇನ್ನೊಂದು ತೋಳಿನ ಮೇಲಿನ ಸೆರಗು ಸರಿಸಿದಳು.