ಗಿಟಾರಿನ ಹೊಟ್ಟೆಯೊಳಗಿನ ಮೈಕು

ಗಿಟಾರಿನ ಹೊಟ್ಟೆಯೊಳಗೆ ಮೈಕು ಕೂರಿಸಿದವನು ನಾನೇ. ಅದೇ ಗಿಟಾರಿನ ಮೇಲೆ ಬಗ್ಗಿ, ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು ಸೋದರತ್ತೆಯ ಹಾಡಿನ ಬಗ್ಗೆ ಜೋಕು ಹೊಡೆದವನೂ ನಾನೇ. ಲಕ್ಷ್ಮೇಶ್ವರದ ಇಡೀ ಸಭಾಭವನ ಅದನ್ನು ಕೇಳಿತು. ಎಕೋ ಬೇರೆ ಹಾಕಿದ್ದೆ, ಹಾಗಾಗಿ ಒಂದು ಸಲ ಕೇಳಿ ಮುಗಿಯಲಿಲ್ಲ. ಇಷ್ಟು ದೊಡ್ಡ ದಡ್ಡತನ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ನಾನು ಬಹಳ ಕಷ್ಟಪಟ್ಟು, ಅಂಗಡಿ ಅಂಗಡಿ ತಿರುಗಿ ಅದಕ್ಕೆ ತಯಾರಿ ಮಾಡಿಕೊಂಡಿದ್ದೆ.

ನನ್ನ ಗಿಟಾರಿನ ದನಿ ಇಂಪಾಗಿತ್ತು, ಆದರೆ ಸಣ್ಣದು. ಹತ್ತು ಮಂದಿ ಮಾತಾಡುತ್ತ ಕುಳಿತಲ್ಲಿ ನುಡಿಸಿದರೆ ನನಗೇ ಕೇಳುತ್ತಿರಲಿಲ್ಲ. ದನಿ ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ ಬೇಕಿತ್ತು. ಕಿಸೆ ನೋಡಿಕೊಂಡು ಅಗ್ಗದ್ದರಿಂದಲೇ ಶುರುಮಾಡಿದೆ. ನಾಣ್ಯದ ಹಾಗೆ ಗುಂಡಗಿರುವ, ಗಿಟಾರಿನ ಮೈಗೆ ಅಂಟಿಸುವಂಥದ್ದು. ಅದು ಕಟ್ಟಿಗೆಯ ನಡುಕವನ್ನೆಲ್ಲ ಹಿಡಿಯುತ್ತದೆ. ಶಿರಹಟ್ಟಿಯ ಒಂದು ಮದುವೆಯಲ್ಲಿ ನುಡಿಸಿದಾಗ, ನನ್ನ ಅಂಗಿಯ ಗುಂಡಿ ಗಿಟಾರಿಗೆ ತಿಕ್ಕಿದ ಸದ್ದು ತಂತಿಗಿಂತ ಜೋರಾಗಿ ಬಂತು.

“ಇಷ್ಟ ಲಗೂನ ಯಾರ್ರೀ ಕಸಾ ಹೊಡ್ಯಾಕ ನಿಂತವರು? ಇನ್ನೂ ಊಟ ಆಗಿಲ್ಲಲ್ಲ!” ಎಂದು ಒಬ್ಬ ಹಿರಿಯರು ಹಿಂದೆ ತಿರುಗಿ ನೋಡಿದರು.

ಮುಂದಿನ ಸಲ ಗುಂಡಿಯಿಲ್ಲದ ಟೀಶರ್ಟು ಹಾಕಿಕೊಂಡು ಹೋದೆ. ಬೆಲ್ಟಿನ ಬಕಲ್ ಮರೆತಿದ್ದೆ.

ಆಮೇಲೆ ಗಿಟಾರಿನ ಬಾಯಿಗೆ ಸಿಕ್ಕಿಸುವ ಅಯಸ್ಕಾಂತದ ಪಿಕಪ್ ತಂದೆ. ಗುಂಡಿಯ ಸದ್ದು ಹೋಯಿತು, ಅದರ ಸಂಗಡ ಕಟ್ಟಿಗೆಯ ಇಂಪೂ ಹೋಗಿ ಗಿಟಾರು ಎಣ್ಣೆ ಡಬ್ಬಿಯ ಹಾಗೆ ಮಾತಾಡತೊಡಗಿತು. ತಂತಿಗಳ ಬುಡ ಕೂರುವ ಬ್ರಿಜ್ಜಿನ ಕೆಳಗೆ ಕೂರಿಸುವುದು ಒಳ್ಳೆಯದು ಅನ್ನುತ್ತಾರೆ, ಆದರೆ ಅದಕ್ಕೆ ಗಿಟಾರಿಗೆ ತೂತು ಕೊರೆಯಬೇಕು. ನಾನು ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋಗಿ ಗೋಡೆಯ ಗಿಲಾವು ಕೆಡವಿದ ಮನುಷ್ಯ.

ಕಡೆಗೆ ಗದಗಿನಲ್ಲಿ, ಹಾರ್ಮೋನಿಯಂ ಮತ್ತು ತಬಲಾಗಳ ನಡುವೆ ಒಂದು ಕಪಾಟು ಗಿಟಾರಿಗೂ ಕೊಟ್ಟಿದ್ದ ಅಂಗಡಿಗೆ ಹೋದೆ.

“ಇದರಾಗ ಎರಡೂ ಅದಾವ ನೋಡ್ರಿ,” ಎಂದರು ಅಂಗಡಿಯವರು. “ಅಯಸ್ಕಾಂತನೂ ಐತಿ, ಗಿಟಾರಿನ ಹೊಟ್ಟ್ಯಾಗ ಇಳಿಯೂ ಈ ಸೊಂಡಿಯಂಥಾ ವೈರಿನ ತುದಿಗೆ ಸಣ್ಣ ಮೈಕೂ ಐತಿ. ಯಾವುದು ಎಷ್ಟು ಬೇಕು, ಅಷ್ಟು ತಿರುವಿಕೋರಿ.”

“ಮೈಕ್ ಪೂರಾ ತಿರುವಿದ್ರ?”

“ಕಟಗಿ ದನಿ ಭಾಳ ಚಲೋ ಬರ್ತೈತಿ. ಖರೆ, ಆಜೂಬಾಜೂದ ಸಪ್ಪಳಾನೂ ಹಿಡೀತೈತ್ರಿ.”

ಮೊದಲ ಮಾತು ಕೇಳಿದ್ದೇ ಪಿಕಪ್ ಎತ್ತಿಕೊಂಡೆ. ಎರಡನೆಯ ಮಾತಿನ ಹೊತ್ತಿಗೆ, ಕಾಲಲ್ಲಿ ತುಳಿದು ದನಿಯ ರೂಪ ಬದಲಿಸುವ ಪೆಡಲುಗಳ ಮುಂದೆ ನಿಂತಿದ್ದೆ. ಬೇರೆ ಬೇರೆ ಪೆಡಲು ಕೊಳ್ಳುವ ಶಕ್ತಿ ಇರಲಿಲ್ಲ, ದನಿಗೆ ಗುಂಗು ಕೊಡುವ ರಿವರ್ಬ್, ಒಂದು ದನಿಯನ್ನು ನಾಲ್ಕಾಗಿಸುವ ಕೋರಸ್, ಮರುದನಿಯ ಎಕೋ ಮೂರೂ ಒಂದೇ ಡಬ್ಬಿಯಲ್ಲಿದ್ದ ಅಗ್ಗದ್ದನ್ನು ಆರಿಸಿದೆ. ತಿಳಿದವರು ರಿವರ್ಬ್ ಒಂದನ್ನೇ ಸಾರಿಗೆ ಉಪ್ಪು ಹಾಕಿದ ಹಾಗೆ ಹಾಕುತ್ತಾರೆ. ನಾನು ಮೂರಕ್ಕೂ ದುಡ್ಡು ಕೊಟ್ಟಿದ್ದೇನೆ ಎಂದು ಮೂರನ್ನೂ ಹಾಕುತ್ತಿದ್ದೆ.

ಅತ್ತೆ ಬೆಟಗೇರಿಯಲ್ಲಿ ಸೀರೆ ನೇಯುತ್ತಾಳೆ. ಮಗಳನ್ನು ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದಳು. ಮೊಮ್ಮಗಳು ಹುಟ್ಟಿದಾಗ ತೊಟ್ಟಿಲ ಕಾರ್ಯ ತವರಿನಲ್ಲೇ ಆಗಬೇಕಿತ್ತು. ಆದರೆ ಅತ್ತೆಯ ಮನೆಯಲ್ಲಿ ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ಬೀಗರ ಚಪ್ಪಲಿ ಇಡಲೂ ಆಗುತ್ತಿರಲಿಲ್ಲ. ಹಾಗಾಗಿ ಬೀಗರು ತಮ್ಮೂರಿನಲ್ಲೇ ಸಭಾಭವನ ಹಿಡಿದರು. ಅತ್ತೆ ಗಿಟಾರು ಸಮೇತ ನನ್ನನ್ನು ಕರೆಸಿದಳು.

“ಒಂದು ಜೋಗುಳ ಹಾಡ್ತೇನಲೇ. ನೀ ಹಿಂದ ಬಾರ್ಸು. ಬೀಗರ ಮನ್ಯಾಗ ಇಲ್ಲೀತನ ನಾ ಬಾಯಿ ತಗದಕಿ ಅಲ್ಲ. ಹೋಗೂದು, ಚಾ ಕುಡಿಯೂದು, ಬರೂದು. ಈ ಮುದುಕಿಗೂ ಏನರೆ ಬರ್ತೈತಿ ಅಂತ ಒಂದ್ ಸಲ ಅವರಿಗೆ ಗೊತ್ತಾಗ್ಲಿ.”

ಅವಳ ಮನೆಯಲ್ಲೇ ತಾಲೀಮು. ಪಿಕಪ್ಪು, ಪೆಡಲು, ಸಣ್ಣ ಸ್ಪೀಕರು ಎಲ್ಲ ಹೊತ್ತುಕೊಂಡು ಹೋಗಿದ್ದೆ. ನಡುವೆ ಕುಕ್ಕರು ಸೀಟಿ ಹೊಡೆಯಿತು. ಗಿಟಾರು ಅದನ್ನು ಹಿಡಿದು ಎಕೋ ಹಾಕಿ ತಿರುತಿರುಗಿ ಸೀಟಿ ಹೊಡೆಯಿತು.

“ಅಯ್ಯ, ಬ್ಯಾಳಿ ಕರಗಿ ನೀರಾತೇನೋ!” ಎಂದು ಅತ್ತೆ ಎದ್ದು ಓಡಿದಳು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಕುಕ್ಕರಿನ ಸದ್ದು ಹಿಡಿಯುವ ಮೈಕು ನನ್ನ ಬಾಯಿಯ ಸದ್ದನ್ನೂ ಹಿಡಿಯುತ್ತದೆ ಎಂಬ ಸರಳ ವಿಚಾರ ಆಗ ತಲೆಯೊಳಗೆ ಬರಬೇಕಿತ್ತು. ಜಾಗ ಬೇಕಾದಷ್ಟು ಖಾಲಿಯಿತ್ತು.

ಕಾರ್ಯದ ದಿನ ಮುಂಡರಗಿಯ ನನ್ನ ಗೆಳೆಯ ಮೈಕ್‌ಸೆಟ್ ತಂದಿದ್ದ. ನಾನು ಗಿಟಾರಿನ ವೈರನ್ನೂ ಅದಕ್ಕೇ ಸಿಕ್ಕಿಸಿ, ಒಳಗಿನ ಮೈಕನ್ನು ಪೂರಾ ತಿರುವಿದ್ದೆ. ಢೋಲಕ್ ಹಿಡಿದು ನನ್ನ ಮಗ್ಗುಲಿಗೇ ಕುಳಿತಿದ್ದ. ತೊಟ್ಟಿಲಲ್ಲಿ ಕೂಸು ಒಂದೇ ಸಮ ಅಳುತ್ತಿತ್ತು. ಅತ್ತೆ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದರಲ್ಲಿ ಮೈಕು ಹಿಡಿದು ಹಾಡತೊಡಗಿದಳು. ಹುಡುಗಿಯಾಗಿದ್ದಾಗಿನಿಂದ ಮಗ್ಗದ ಸಪ್ಪಳದ ಮೇಲೆ ಹಾಡಿದ ಗಂಟಲು. ಕೈಯಲ್ಲಿ ಮೈಕಿದೆ ಎಂದು ಅದು ತಗ್ಗಲಿಲ್ಲ. ನಾನು ಕೊಟ್ಟ ಶ್ರುತಿ ಬಿಟ್ಟು ದನಿ ಮೇಲಕ್ಕೆ ಹೋಯಿತು. ಇಷ್ಟು ಕಷ್ಟಪಟ್ಟು ಆರಿಸಿ ತಂದ ನನ್ನ ಗಿಟಾರಿನ ಇಂಪು ಯಾರಿಗೂ ಕೇಳುತ್ತಿಲ್ಲವಲ್ಲ ಎಂದು ಸಿಟ್ಟು ಬಂತು. ಗೆಳೆಯನ ಕಡೆ ಬಗ್ಗಿ, ಗಿಟಾರಿನ ಬಾಯಿಯ ಮೇಲೇ ಬಾಯಿಟ್ಟು ಪಿಸುಗುಟ್ಟಿದೆ.

“ಈ ಜೋಗುಳಾ ಕೇಳಿದ್ರ ಮಲಗಿದ ಕೂಸೂ ಎದ್ದು ಗದಗಿನ ಬಸ್ ಹತ್ತೈತಿ.”

“ಬಸ್ ಹತ್ತೈತಿ,” ಎಂದವು ಎರಡೂ ಸ್ಪೀಕರುಗಳು. “ಹತ್ತೈತಿ… ಹತ್ತೈತಿ…”

ಗಾಬರಿಯಲ್ಲಿ “ಅಯ್ಯಯ್ಯೋ, ಬಂದ್ ಮಾಡಲೇ!” ಎಂದೆ. ಸ್ಪೀಕರುಗಳು ಅದನ್ನೂ ಹೇಳಿದವು. ಪೆಡಲು ತುಳಿದೆ. ಎಕೋ ನಿಲ್ಲಲಿಲ್ಲ, ಕೋರಸ್ ಇನ್ನೂ ಏರಿ ನನ್ನಂಥ ನಾಲ್ಕು ಮಂದಿ ಒಟ್ಟಿಗೆ ಕೂಗಿದ ಹಾಗಾಯಿತು. ಗೆಳೆಯ ಢೋಲಕ್ ಬಿಟ್ಟು ಎದ್ದುಹೋಗಿ ವೈರನ್ನೇ ಕಿತ್ತ.

“ಕೂಸಿಗೆ ಅರ್ಧಾ ಟಿಕೆಟ್ ತಗಸ್ರೆಪಾ!” ಎಂದರು ಬೀಗರ ಕಡೆಯ ಯಾರೋ ಒಬ್ಬರು. ಇಡೀ ಸಭಾಭವನ ನಕ್ಕಿತು. ಕೂಸು ಕಿಟಾರನೆ ಅಳತೊಡಗಿತು.

ಹಾಡಿನ ಭರದಲ್ಲಿ ನನ್ನ ಮಾತು ಕೇಳಿಸದ ಅತ್ತೆಗೆ ಯಾಕೆ ನಗುತ್ತಿದ್ದಾರೆಂದು ಮೊದಲು ತಿಳಿಯಲಿಲ್ಲ. ಮಂದಿ ಖುಷಿಪಟ್ಟಿದ್ದಾರೆ ಅಂದುಕೊಂಡು ತಾನೂ ನಕ್ಕಳು. ಆ ನಗುವನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಕುಗ್ಗುತ್ತದೆ. ಆಮೇಲೆ ನನ್ನ ಮುಖ ನೋಡಿದಳು, ತಿಳಿಯಿತು. “ಸಾಕ್ರಿ, ಊಟಕ್ಕ ಏಳ್ರಿ,” ಎಂದು ಮೈಕು ಕೆಳಗಿಟ್ಟಳು. ಹಾಡು ಅರ್ಧವೂ ಆಗಿರಲಿಲ್ಲ.

ನಾನು ಊಟ ಮಾಡಲಿಲ್ಲ. ಗೆಳೆಯ ಮಾತ್ರ ಎಲೆ ಮುಂದೆ ಕುಳಿತು, “ಲೇ, ನಿನ್ನ ಬಾಯಿಗೆ ಯಾವ ಪಿಕಪ್ಪೂ ಬ್ಯಾಡಾಗಿತ್ತಲೇ,” ಅಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಯ ಪಕ್ಕ ಕುಳಿತೆ. ಅವಳ ತೊಡೆಯ ಮೇಲೆ ಬೀಗರು ಉಡುಗೊರೆ ಕೊಟ್ಟ ಸೀರೆ. ಅದರ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. ನೇಯುವವರ ಚಾಳಿ ಅದು. ಬೈದರೆ ಸಾಕು, ಇಡೀ ಬಸ್ಸಿಗೆ ಕೇಳುವ ಹಾಗೆ ಬೈಯಲಿ ಅಂತ ಕಾದೆ. ಮಾಗಡಿ ಕೆರೆ ಬಂತು. ಮಂದಿ ಕಿಟಕಿಯಿಂದ ಹಕ್ಕಿ ನೋಡಿದರು. ಅವಳು ನೋಡಲಿಲ್ಲ.

“ಅತ್ತಿ, ತಪ್ಪಾತು,” ಎಂದೆ. “ಆ ಮೈಕ್ ಬಂದ್ ಮಾಡೂದು ಮರತಿದ್ದೆ.”

“ಹೂಂ. ಬಂದ್ ಮಾಡಿದ್ರ ತಪ್ಪು ಆಗ್ತಿರ್ಲಿಲ್ಲೇನು?”

ಕಾಲ ನಡುವಿದ್ದ ಗಿಟಾರಿನ ಚೀಲದ ಜಿಪ್ಪನ್ನು ಸುಮ್ಮನೆ ಎಳೆಯುತ್ತ, ಹಾಕುತ್ತ ಕುಳಿತೆ. ಕಡೆಗೆ ಏನಾದರೂ ಹೇಳಬೇಕಲ್ಲ ಎಂದು, “ಕೂಸೂ ಭಾಳ ಅಳಾಕ ಹತ್ತಿತ್ತು, ಪಾಪ,” ಎಂದೆ.

ಅತ್ತೆ ಸೀರೆಯನ್ನು ಚೀಲದೊಳಗಿಟ್ಟಳು.

“ತೊಟ್ಟಿಲ ಹಂತ್ಯಾಕ ನಾ ಒಬ್ಬಾಕಿನ ಇದ್ದೆ. ನೀವು ಯಾರೂ ನೋಡ್ಲಿಲ್ಲ. ಕೂಸು ಮಲಗಿತ್ತಲೇ. ನೀವೆಲ್ಲಾ ನಕ್ಕಾಗ ಎದ್ದತು.”