ನಯಾಜ್‌ಗೆ ನಾನು ಕೊಟ್ಟ ಒಂದು ಸ್ಟಾರ್

ಕಳೆದ ಗುರುವಾರ ಮಧ್ಯಾಹ್ನ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಐದು ಖಾಲಿ ಸ್ಟಾರುಗಳು ಸಾಲಾಗಿ ನಿಂತಿದ್ದವು. ಕೆಳಗೆ, ನಮ್ಮ ಸಿಬ್ಬಂದಿಯ ಸೇವೆ ನಿಮಗೆ ಹೇಗನ್ನಿಸಿತು ಎಂಬ ಪ್ರಶ್ನೆ. ನಿಮಗೂ ಇಂಥವು ಬರುತ್ತಿರುತ್ತವೆ. ಗ್ಯಾಸ್ ಸಿಲಿಂಡರ್ ತಂದುಕೊಟ್ಟರೆ ಒಂದು, ಆಟೋದಿಂದ ಇಳಿದರೆ ಒಂದು, ಹಲ್ಲು ಕೀಳಿಸಿಕೊಂಡು ಬಂದರೂ ಒಂದು. ನೀವು ನೋಡದೆ ಅಳಿಸಿಬಿಡುತ್ತೀರೇನೋ. ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಬಹಳ ಹೊತ್ತು ಕೂತಿದ್ದೆ. ಆವತ್ತು ಬೆಳಿಗ್ಗೆ ನಮ್ಮ ಮನೆಯ ರೂಟರ್ ಬದಲಾಯಿಸಿ ಹೋದ ಮುನಿರಾಜು ಎಂಬಾತ ಕೆಲಸ ಮಾಡುತ್ತಾ ಒಂದು ಸಂಗತಿ ಹೇಳಿದ್ದ. ಅದಕ್ಕೆ ಬರಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು. ನಿಧಾನವಾಗಿಯೇ ಹೋಗೋಣ. ಅಲ್ಲಿಗೆ ಬೇಗ ತಲುಪುವ ಆಸೆ ನನಗೂ ಇಲ್ಲ.

ನಮ್ಮ ಮನೆ ಮತ್ತಿಕೆರೆಯಲ್ಲಿ. ಎದುರು ಬದುರು ಮನೆಗಳಲ್ಲೆಲ್ಲ ಈಗ ಕಾಲೇಜು ಹುಡುಗರ ಬಾಡಿಗೆ ರೂಮುಗಳು. ಆ ಹುಡುಗರಿಗೆ ಅನ್ನವಿಲ್ಲದಿದ್ದರೂ ನಡೆಯುತ್ತದೆ, ವೈಫೈ ಇಲ್ಲದಿದ್ದರೆ ಬೀದಿಗೆ ಬಂದು ನಿಲ್ಲುತ್ತಾರೆ. ಅವರನ್ನು ನೋಡಿ ನಗುತ್ತಿದ್ದ ನಮ್ಮ ಮನೆಗೂ ಅದು ಬಂದದ್ದು ನನ್ನ ಹೆಂಡತಿ ಸುಶೀಲಳ ಮಂಡಿಯಿಂದ. ಆಪರೇಷನ್ ಆಗಿ ಅವಳು ಮೆಟ್ಟಿಲು ಇಳಿಯುವಂತಿರಲಿಲ್ಲ. ಯಲಹಂಕದಲ್ಲಿರುವ ಮಗಳು ಒಂದು ಟ್ಯಾಬ್ ತಂದುಕೊಟ್ಟು, ವೈಫೈ ಹಾಕಿಸಿ, ಮೈಸೂರಿನ ಒಬ್ಬ ಟೀಚರ್ ಹತ್ತಿರ ದೇವರನಾಮದ ಕ್ಲಾಸಿಗೆ ಸೇರಿಸಿಹೋದಳು. ದಿನಾ ನಾಲ್ಕರಿಂದ ಐದು. ಹನ್ನೆರಡು ಜನ ಹೆಂಗಸರು, ಒಬ್ಬೊಬ್ಬರೂ ಒಂದೊಂದು ಊರಿನಲ್ಲಿ. ಸುಶೀಲ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಒಳಗಿನಿಂದ ನಗು ಕೇಳಿಸುತ್ತಿತ್ತು. ಅರವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಹೊಸ ಗೆಳತಿಯರು ಸಿಕ್ಕಿದ್ದರು. ವೈಫೈ ಡಬ್ಬಿ ಮಾತ್ರ ಹಾಲ್‌ನಲ್ಲಿ, ಟೀವಿಯ ಹಿಂದೆ, ಎರಡು ಕಿವಿ ನಿಮಿರಿಸಿಕೊಂಡು ಕೂತಿರುತ್ತಿತ್ತು. ಆಯುಧಪೂಜೆಯ ದಿನ ಸುಶೀಲ ಅದಕ್ಕೂ ಕುಂಕುಮ ಇಟ್ಟಳು.

ನನ್ನ ಒಂದು ಅಭ್ಯಾಸದ ಬಗ್ಗೆ ಇಲ್ಲಿ ಹೇಳಬೇಕು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಗೆ ಸೇರಿದವನು. ಮೂವತ್ತನಾಲ್ಕು ವರ್ಷ ಅಲ್ಲೇ ಇದ್ದೆ. ನಮ್ಮ ಶಾಪಿನಲ್ಲಿ, ಅಂದರೆ ಯಂತ್ರಗಳ ವಿಭಾಗದಲ್ಲಿ, ಒಂದು ಪದ್ಧತಿ ಇತ್ತು. ಎದುರಿಗೆ ಆಳಿಲ್ಲದ ಯಂತ್ರ ಓಡುತ್ತಿದ್ದರೆ, ಅದು ಯಾರ ಯಂತ್ರವೋ ಅವನ ಹೆಸರನ್ನು ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರು. ಬೈಗುಳವಿಲ್ಲ, ದಂಡವಿಲ್ಲ, ಬರೀ ಹೆಸರು. ಬಂದುಹೋಗುವ ಎಂಟುನೂರು ಜನ ಅದನ್ನು ಓದಬೇಕು, ಅಷ್ಟೇ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನನ್ನ ಹೆಸರು ಮೂರು ದಿನ ಅಲ್ಲಿತ್ತು. ಕ್ಯಾಂಟೀನಿನಲ್ಲಿ ಒಬ್ಬ, ಏನಯ್ಯಾ ನಿನ್ನ ಹೆಸರಿನ ಅಕ್ಷರ ಚೆನ್ನಾಗಿ ಬಂದಿದೆ ಎಂದ. ಅವತ್ತಿನಿಂದ ಇವತ್ತಿನವರೆಗೂ ನಾನು ಆರಿಸದೆ ಬಿಟ್ಟ ಸ್ವಿಚ್ ಇಲ್ಲ. ನೆಂಟರ ಮನೆಗೆ ಹೋದರೂ ಒಂದು ಸುತ್ತು ಹಾಕಿ ಆರಿಸಿ ಬರುತ್ತೇನೆ. ಮಗಳ ಮನೆಯಲ್ಲಿ ಒಮ್ಮೆ ಅಳಿಯ ಸ್ನಾನ ಮಾಡುತ್ತಿರುವಾಗಲೇ ಗೀಸರ್ ಆರಿಸಿ ಮಾತು ಕೇಳಿದ್ದೇನೆ.

ಊಟವಾದ ಮೇಲೆ ಸ್ವಲ್ಪ ಮಲಗಿ ನಾಲ್ಕಕ್ಕೆ ಏಳುವುದು, ಸುಶೀಲ ಫ್ಲಾಸ್ಕಿನಲ್ಲಿಟ್ಟ ಕಾಫಿ ಕುಡಿಯುವುದು, ಹಾಲ್‌ನ ಸ್ವಿಚ್ಚುಗಳನ್ನೆಲ್ಲ ಆರಿಸಿ ನಾಲ್ಕೂಕಾಲಿಗೆ ವಾಕಿಂಗ್ ಹೊರಡುವುದು, ಐದಕ್ಕೆ ಹಾಲು ತಂದು ದೀಪ ಹಾಕುವಾಗ ಎಲ್ಲವನ್ನೂ ಮತ್ತೆ ಒತ್ತುವುದು. ಇದು ನನ್ನ ದಿನಚರಿ. ಆ ಡಬ್ಬಿಯ ಎದುರಿಗೆ ಯಾರೂ ಕೂತಿರುತ್ತಿರಲಿಲ್ಲ. ಮುಚ್ಚಿದ ಕೋಣೆಗೂ ಅದಕ್ಕೂ ನಡುವೆ ಒಂದು ತಂತಿಯೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ತಂತಿ ನೋಡಿ ಬದುಕಿದವನಿಗೆ ಇನ್ನೇನು ಹೊಳೆಯಬೇಕು? ನಾನು ಆರಿಸಿದೆ. ದಿನಾ ಆರಿಸಿದೆ.

ದಿನಾ ನಾಲ್ಕೂಕಾಲಿಗೆ ಸುಶೀಲಳ ಪರದೆ ನಿಂತುಹೋಗುತ್ತಿತ್ತು. ಸಹಿಸಿಕೊಂಡಿದ್ದು ಕೊನೆಗೆ ಅವಳು ದೂರು ಕೊಟ್ಟಳು. ಬಂದವನೇ ನಯಾಜ್. ನಲವತ್ತರ ಆಸುಪಾಸು, ಕಡ್ಡಿಯಂಥ ಆಳು, ಶೂ ಕಳಚಿ ಮೆಟ್ಟಿಲ ಪಕ್ಕ ಜೋಡಿಸಿಟ್ಟು ಒಳಗೆ ಬರುವವನು. ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಆಗ ಎಲ್ಲ ಸರಿಯಾಗೇ ಇತ್ತು. ಒಂದು ಕೇಬಲ್ ಬದಲಾಯಿಸಿ, ಕಾಫಿ ಬೇಡವೆಂದು ಹೋದ. ಅವತ್ತು ನಾಲ್ಕೂಕಾಲಿಗೆ ಮತ್ತೆ ನಿಂತಿತು.

ಆ ಶನಿವಾರ ಸುಶೀಲ ಒಬ್ಬಳೇ ಹಾಡುವ ಸರದಿ. ದಿನಾ ಸಿಕ್ಕ ಕಾಲು ಗಂಟೆಯಲ್ಲೇ ಎರಡು ತಿಂಗಳು ಕಲಿತ ಹಾಡು. ಸೊಪ್ಪು ಹೆಚ್ಚುವಾಗಲೂ ಅದನ್ನೇ ಗುನುಗುತ್ತಿದ್ದಳು. ಟೀಚರ್ ಬೇರೆ ಇಬ್ಬರು ವಿದ್ವಾಂಸರನ್ನೂ ಕೇಳಲು ಕರೆದಿದ್ದರಂತೆ. ಸುಶೀಲ ರೇಷ್ಮೆ ಸೀರೆ ಉಟ್ಟು ಬಾಗಿಲು ಹಾಕಿಕೊಂಡಳು. ನಾನು ಕಾಫಿ ಕುಡಿದು ನನ್ನ ಸುತ್ತು ಮುಗಿಸಿ ಹೊರಟೆ. ಅವಳು ಕಣ್ಣು ಮುಚ್ಚಿ ಹಾಡಿದಳು. ಪೂರ್ತಿ ಹಾಡಿ ಕಣ್ಣು ಬಿಟ್ಟರೆ ಪರದೆಯ ಮೇಲೆ ಟೀಚರ್ ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದರು. ಅವರಿಗೆ ಕೇಳಿಸಿದ್ದು ಮೊದಲ ಎರಡು ಸಾಲು. ಮಿಕ್ಕಿದ್ದನ್ನು ಅವಳು ಗೋಡೆಗೆ ಹಾಡಿದ್ದಳು. ನಾನು ಹಾಲು ತಂದಾಗ ಸೀರೆ ಮಡಚುತ್ತಿದ್ದಳು. ನನಗೆ ಇದೆಲ್ಲ ಯೋಗ ಇಲ್ಲ ಬಿಡಿ ಎಂದಳು. ಸೋಮವಾರ ಕ್ಲಾಸಿಗೆ ಕೂರಲಿಲ್ಲ. ಆಮೇಲೂ ಕೂರಲಿಲ್ಲ.

ಆ ಸೋಮವಾರ ಬೆಳಿಗ್ಗೆಯೇ ನಯಾಜ್ ಎರಡನೆಯ ಸಲ ಬಂದಿದ್ದ. ಸುಶೀಲ ಅಡುಗೆಮನೆಯಲ್ಲಿದ್ದಳು. ಅವನು ತನ್ನ ಫೋನಿನಲ್ಲಿ ಏನೋ ಪಟ್ಟಿ ತೆಗೆದು ನನ್ನ ಪಕ್ಕ ಕೂತ.

“ಸಾರ್, ದಿನಾ ನಾಲ್ಕೂಕಾಲಿಗೆ ಪವರ್ ಹೋಗಿದೆ. ಐದಕ್ಕೆ ಬಂದಿದೆ. ಶನಿವಾರಾನೂ ಅಷ್ಟೇ. ಆ ಟೈಮಲ್ಲಿ ಏನಾಗುತ್ತೆ ಮನೇಲಿ?”

ಪಟ್ಟಿಯಲ್ಲಿದ್ದದ್ದು ನನ್ನ ವಾಕಿಂಗ್‌ನ ವೇಳೆ. ಆ ಕ್ಷಣದಲ್ಲಿ ನನಗೆ ಎಲ್ಲ ಗೊತ್ತಾಯಿತು. ಅಲ್ಲಿಯವರೆಗೆ ನಡೆದದ್ದು ಬುದ್ಧಿ ಸಾಲದ್ದಕ್ಕೆ ನಡೆದದ್ದು. ಅದಕ್ಕಾಗಿ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನದಕ್ಕೆ ಬರೆಯುತ್ತಿದ್ದೇನೆ. ನಮ್ಮ ಲೈನಿನಲ್ಲಿ ಆ ಹೊತ್ತಿಗೆ ಕರೆಂಟು ಹೋಗುತ್ತದೆ ಎಂದೆ. ಸುಶೀಲ ಅಡುಗೆಮನೆಯಿಂದಲೇ, ಎಲ್ಲಿ ಹೋಗುತ್ತೆ, ರೂಮಲ್ಲಿ ಫ್ಯಾನ್ ತಿರುಗ್ತಾನೇ ಇತ್ತಲ್ಲ ಎಂದಳು. ನಯಾಜ್ ಸ್ವಿಚ್ ಬೋರ್ಡ್ ನೋಡಿದ, ಮತ್ತೆ ಫೋನ್ ನೋಡಿದ. ಆಮೇಲೆ, ಹಾಗಾದ್ರೆ ಅಡಾಪ್ಟರ್ ಹೋಗಿರ್ಬೇಕು ಅಮ್ಮಾ, ಬೇರೆ ಹಾಕ್ತೀನಿ, ಇನ್ನು ತೊಂದರೆ ಆಗಲ್ಲ ಎಂದು ಹೊಸದೊಂದನ್ನು ಚುಚ್ಚಿ ಹೋದ. ಅವನ ಮಾತು ನಿಜವಾಯಿತು. ನಾನು ಆ ಸ್ವಿಚ್ ಮುಟ್ಟುವುದನ್ನು ನಿಲ್ಲಿಸಿದ್ದೆ.

ಬುಧವಾರ ಸ್ಟಾರುಗಳ ಮೆಸೇಜ್ ಬಂತು. ಒಂದು ಅಡಾಪ್ಟರಿಗೆ ಎರಡು ಸಲ ಬರ್ಬೇಕಾಯ್ತಾ, ಮೊದಲೇ ಹಾಕಿದ್ರೆ ನನ್ನ ಹಾಡು ಹೋಗ್ತಿರಲಿಲ್ಲ, ಒಂದು ಒತ್ತಿ ಎಂದು ಸುಶೀಲ ಹೇಳಿ ಒಳಗೆ ಹೋದಳು. ಒತ್ತಿದೆ. ಸ್ವಲ್ಪ ಹೊತ್ತಿಗೆ ಕಂಪನಿಯಿಂದ ಒಬ್ಬಳು ಹೆಣ್ಣುಮಗಳು ಫೋನ್ ಮಾಡಿ ಕಾರಣ ಕೇಳಿದಳು. ಅವನಿಗೆ ಕೆಲಸ ಗೊತ್ತಿಲ್ಲ ಎಂದೆ. ಅವಳು, ಇನ್ನೇನಾದ್ರೂ ಇದೆಯಾ ಸರ್ ಎಂದಳು. ನಾನು ಮಾತು ನಿಲ್ಲಿಸಬಹುದಿತ್ತು. ಒಂದು ಸ್ಟಾರಿಗೆ ಕಾರಣ ಸಾಲದೇನೋ ಅನ್ನಿಸಿ, ಆ ಮನುಷ್ಯ ಒರಟಾಗಿ ಮಾತಾಡ್ತಾನೆ ಎಂದೂ ಸೇರಿಸಿದೆ. ಅವನು ನಮ್ಮ ಮನೆಯಲ್ಲಿ ಆಡಿದ ಅಷ್ಟೂ ಮಾತು ಮೇಲೆ ಬರೆದಿದ್ದೇನೆ, ನೀವೇ ನೋಡಿ. ಕಪ್ಪು ಹಲಗೆಯ ಮೇಲೆ ಅವನ ಹೆಸರು ಬರೆದಂತಾಯಿತು. ಸೀಮೆಸುಣ್ಣ ನನ್ನ ಕೈಯಲ್ಲಿತ್ತು.

ಎಂಟು ದಿನ ಬಿಟ್ಟು ನಯಾಜ್ ಗೇಟಿನ ಹತ್ತಿರ ಬಂದು ನಿಂತ. ಒಳಗೆ ಕರೆದರೂ ಬರಲಿಲ್ಲ. ತನ್ನನ್ನು ಮನೆಮನೆಯ ಕೆಲಸದಿಂದ ತೆಗೆದು ಕಂಬ ಹತ್ತುವ ಗುಂಪಿಗೆ ಹಾಕಿದ್ದಾರೆ, ತನ್ನ ಎಡಭುಜ ಒಮ್ಮೆ ಮುರಿದು ಕೂಡಿದ್ದು, ಕಂಬ ಹತ್ತುವುದು ಕಷ್ಟ ಎಂದ. ಗ್ರಾಹಕರೇ ಬರೆದುಕೊಟ್ಟರೆ ಮೇಲಿನವರು ಒಪ್ಪುತ್ತಾರಂತೆ.

“ಲೈನ್ ಸರಿ ಆಯ್ತು ಅಂತ ಎರಡು ಸಾಲು ಬರೀರಿ ಸಾರ್, ಸಾಕು. ಬೇರೆ ಏನೂ ಬರೆಯೋದು ಬೇಡ.”

ನಾಳೆ ಬಾ ಎಂದೆ. ಮರುದಿನ ಅವನ ಬೈಕಿನ ಸದ್ದು ಕೇಳಿದ್ದೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಆಗಲೇ ಒಮ್ಮೆ ಸ್ನಾನವಾಗಿತ್ತು. ಒಂದು ಬಕೆಟ್ ನೀರನ್ನು ಚೆಂಬಿನಲ್ಲಿ ತೆಗೆದು ಮತ್ತೆ ಅದೇ ಬಕೆಟ್ಟಿಗೆ ಸುರಿಯುತ್ತಾ ಕಾಲು ಗಂಟೆ ನಿಂತೆ, ಎಪ್ಪತ್ತು ದಾಟಿದ ಮುದುಕ, ಪಂಚೆ ಉಟ್ಟುಕೊಂಡೇ. ನೀರಿನ ನಡುವೆ ಹೊರಗಿನ ಮಾತು ಕೇಳಿಸುತ್ತಿತ್ತು. ಸುಶೀಲ ಅವನಿಗೆ, ಎರಡು ತಿಂಗಳು ಕಲಿತಿದ್ದೆ ಕಣಪ್ಪಾ, ನಿಮ್ಮಿಂದ ನನ್ನ ಹಾಡು ಹೋಯ್ತು ಎನ್ನುತ್ತಿದ್ದಳು.

“ತಪ್ಪಾಯ್ತು ಅಮ್ಮಾ” ಎಂದ.

ನಾನು ನೀರು ಸುರಿಯುವುದನ್ನು ನಿಲ್ಲಿಸಲಿಲ್ಲ. ಅವನು ಮತ್ತೆ ಬರಲಿಲ್ಲ.

ಈ ಮೂರು ವರ್ಷ ನನಗೆ ಒಂದು ಸಮಾಧಾನವಿತ್ತು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ನಯಾಜ್‌ಗೆ ಏನೂ ಗೊತ್ತಿಲ್ಲ, ಅಡಾಪ್ಟರಿನದೇ ತೊಂದರೆ ಎಂದು ಅವನೂ ನಂಬಿದ್ದಾನೆ, ಮೋಸವಾದದ್ದು ಗೊತ್ತಿಲ್ಲದವನಿಗೆ ನೋವೂ ಅಷ್ಟಕ್ಕಷ್ಟೇ ಎಂದುಕೊಂಡಿದ್ದೆ. ಗುರುವಾರ ಬಂದ ಮುನಿರಾಜು ರಾಜಾನುಕುಂಟೆ ಕಡೆಯವನು, ಮಾತುಗಾರ. ಸುಶೀಲ ಅಂಗಡಿಗೆ ಹೋಗಿದ್ದಳು. ಹೊಸ ರೂಟರ್ ಗೋಡೆಗೆ ಕೂರಿಸುತ್ತಾ, ಇದರ ಸ್ವಿಚ್ ಯಾರಾದ್ರೂ ಆರುಸ್ತೀರಾ ಸಾ ಎಂದು ಕೇಳಿದ. ಇಲ್ಲಪ್ಪ ಎಂದೆ. ಅವನು ನಕ್ಕ.

“ಎಲ್ರೂ ಇಂಗೇ ಯೋಳೋದು. ನಮಗೆ ಕೆಲ್ಸ ಕಲಿಸಿದ ನಯಾಜಣ್ಣ ಅಂತ ಇದ್ರು. ಅವ್ರು ಯೋಳೋರು, ಮನೇಲಿ ಇರೀಕ್ರು ಆರುಸ್ತಾವ್ರೆ ಅಂತ ಗೊತ್ತಾದ್ರೆ ಮನೆಯೋರ ಮುಂದೆ ಬಾಯ್ ಬುಡಬ್ಯಾಡ್ರಿ, ಅಡಾಪ್ಟರ್ ಬದ್ಲಾಯ್ಸಿ ಬಂದ್ಬುಡಿ, ಅವರಿಗೇ ಅರ್ಥ ಆಯ್ತದೆ ಅಂತ. ಒಂದ್ ಮನೇಲಿ ಅಂಗೇ ಮಾಡಿ, ಆ ಯಜಮಾನ್ರೇ ಇವ್ರ ಮೇಲೆ ಕಂಪ್ಲೇಂಟ್ ಕೊಟ್ಟವ್ರೆ. ನಗ್ನಗ್ತಾ ಯೋಳೋರು.”

ಈಗ ಅವರೆಲ್ಲಿ ಎಂದು ಕೇಳಿದೆ. ಒಂದು ವರ್ಷ ಕಂಬದ ಕೆಲಸ ಮಾಡಿ ಬಿಟ್ಟರಂತೆ, ಆರ್.ಟಿ. ನಗರದಲ್ಲಿ ಸ್ವಂತ ಮೊಬೈಲ್ ರಿಪೇರಿ ಅಂಗಡಿಯಂತೆ, ಚೆನ್ನಾಗಿದ್ದಾರಂತೆ. ಚೆನ್ನಾಗಿದ್ದಾರೆ ಎಂದು ಕೇಳಿದ ಕೂಡಲೇ ನನ್ನ ಮನಸ್ಸು ಹಾಯಾಗಲು ಹೊರಟಿತು. ಮರುಕ್ಷಣ ಬಚ್ಚಲಿನ ಹೊರಗಿನ ಆ ಮಾತು ನೆನಪಾಯಿತು. ಅವನಿಗೆ ಗೊತ್ತಿತ್ತು. ಕಂಬದ ಕೆಲಸಕ್ಕೆ ಹಾಕಿದ್ದಾಗಲೂ, ಎದುರಿಗೆ ನನ್ನ ಹೆಂಡತಿ ನಿಂತು ದೂರುತ್ತಿದ್ದಾಗಲೂ, ಅಮ್ಮಾ ನಿಮ್ಮ ಯಜಮಾನರನ್ನೇ ಕೇಳಿ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಎರಡು ಸಾಲು ಸಾಕು, ಬೇರೆ ಏನೂ ಬೇಡ ಎಂದದ್ದೂ ನನ್ನ ಮಾನ ಉಳಿಸುವುದಕ್ಕೇ.

ನಾಲ್ಕು ದಿನ ಇಟ್ಟುಕೊಂಡಿದ್ದು ಇವತ್ತು ಬೆಳಿಗ್ಗೆ ಸುಶೀಲಳಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಮಾತಾಡಿದ್ದು ಮೊರದಲ್ಲಿದ್ದ ಕಾಯಿ ಪೂರ್ತಿ ಮುಗಿದ ಮೇಲೆ.

“ನನ್ನ ಹಾಡು ಹೋಗ್ಲಿ ಬಿಡಿ. ಗೊತ್ತಿಲ್ದೆ ಆರಿಸಿದ್ರಿ. ಆದ್ರೆ ಅವ್ರಿಗೆ ನನ್ನ ಕೈಲಿ ಬೈಸಿದ್ರಲ್ರೀ. ಒಳಗೆ ನಿಂತು ಕೇಳಿಸ್ಕೊಂಡ್ರಿ.”

ಸಂಜೆ ಆರ್.ಟಿ. ನಗರಕ್ಕೆ ಹೋಗಿ ಹೇಳಿ ಬರುತ್ತೇನೆ, ಬರೆದೂ ಕೊಡುತ್ತೇನೆ ಎಂದೆ.

“ಒಬ್ರೇ ಹೋಗ್ಬೇಡಿ. ಅಲ್ಲೂ ಅರ್ಧ ಹೇಳಿ ಬರ್ತೀರಿ. ನಾನೂ ಬರ್ತೀನಿ.”

ಊಟವಾದ ಮೇಲೆ ಕೂತು ಒಂದು ಹಾಳೆ ಬರೆದೆ. ಸ್ವಿಚ್ ಆರಿಸುತ್ತಿದ್ದವನು ನಾನು, ನಯಾಜ್ ಅವರ ಕೆಲಸದಲ್ಲಿ ತಪ್ಪಿರಲಿಲ್ಲ, ಗೊತ್ತಿದ್ದೂ ನಾನು ಸುಳ್ಳು ಹೇಳಿ ಒಂದು ಸ್ಟಾರ್ ಕೊಟ್ಟೆ, ಕೇಳಲು ಬಂದಾಗ ಅಡಗಿಕೊಂಡೆ. ಮೂರು ವರ್ಷ ತಡವಾದ ಈ ಹಾಳೆಯಿಂದ ಅವರಿಗೆ ಇನ್ನೇನೂ ಆಗಬೇಕಾಗಿಲ್ಲ, ಅದು ನನಗೆ ಗೊತ್ತಿದೆ. ಕೆಳಗೆ ಸಹಿ ಹಾಕಿ ಸುಶೀಲಳಿಗೆ ಕೊಟ್ಟೆ. ಅವಳು ಸೀರೆ ಬದಲಾಯಿಸಿ, ಕೋಲು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

“ಇಷ್ಟೇನಾ?” ಎಂದಳು.

ಇಷ್ಟೇ ಎಂದೆ. ಅವಳು ಹಾಳೆಯನ್ನು ಮಡಚದೆ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡುತ್ತಾ ನಿಂತಳು. ಆಟೋ ಬಂದು ಗೇಟಿನಲ್ಲಿ ಒಂದು ಸಲ ಹಾರ್ನ್ ಹೊಡೆಯಿತು. ನಾನು ಹಾಳೆಯನ್ನು ವಾಪಸು ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು, ಸಹಿಯ ಕೆಳಗೆ ಬರೆದೆ: ಅವರು ಒರಟಾಗಿ ಮಾತಾಡಿದರೆಂದು ಕಂಪನಿಗೆ ಹೇಳಿದ್ದೂ ನಾನೇ, ಅವರು ನಮ್ಮ ಮನೆಯಲ್ಲಿ ಒಂದು ಸಲವೂ ದನಿ ಎತ್ತಿದವರಲ್ಲ. ಅದರ ಕೆಳಗೆ ಇನ್ನೊಂದು ಸಹಿ ಹಾಕಿದೆ.